ಇಂಗ್ಲಿಷ್ ಶಬ್ದಸಂಪತ್ತಿನ ಸಂಪಾದನೆ

ಕಡೂರು, ತರೀಕೆರೆ, ಅಜ್ಜಂಪುರ—ಈ ಮೂರು ಊರುಗಳ ಹೆಸರನ್ನು ಇಂಗ್ಲಿಷ್ ಶಬ್ದಸಂಪತ್ತಿನ ಪ್ರಸಂಗದಲ್ಲಿ ಎತ್ತುವುದು ಶ್ರೋತೃಗಳಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇಂಗ್ಲಿಷು ಹುಲುಸಾಗಿ ಬೆಳೆಯುವ ನೆಲ ಬೆಂಗಳೂರು, ಮೈಸೂರುಗಳಂಥ ನಗರಗಳದು ಎಂಬುದು ಸಾಮಾನ್ಯವಾದ ಎಣಿಕೆ. ಆದರೆ ನಾವು ಪಾಠ ಹೇಳುವ ತರಗತಿಗಳಿಗೆ ವರ್ಷವರ್ಷವೂ ಈ ಮೂರು ಊರುಗಳಿಂದಲೂ ಅವುಗಳ ಸುತ್ತಣ ಹಳ್ಳಿಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಹತ್ತನೆಯ ತರಗತಿಯವರೆಗೆ ಸಕಲ ವಿಷಯಗಳನ್ನೂ ಕನ್ನಡದಲ್ಲಿ ಓದಿ, ಇಂಗ್ಲಿಷನ್ನು ಒಂದು ಪಾಠವಾಗಿ ಮಾತ್ರ ಕಲಿತು ಬಂದವರು ಇವರಲ್ಲಿ ಬಹುಮಂದಿ. ಇವರು ಬರುವಾಗ ತಮ್ಮೊಡನೆ ತರುವುದೇನು, ಇಲ್ಲಿ ಇವರಿಗೆ ಕೊರತೆಯಾಗುವುದೇನು, ಆ ಕೊರತೆಯನ್ನು ತುಂಬಿಕೊಳ್ಳುವ ದಾರಿ ಯಾವುದು ಎಂಬುದು ಇಂದಿನ ನಮ್ಮ ಮಾತಿನ ವಿಷಯ.

ಕೊರತೆ ಎಲ್ಲಿದೆ ಎಂಬುದನ್ನು ಮೊದಲು ಸರಿಯಾಗಿ ಗುರುತಿಸಬೇಕು. ವಿಜ್ಞಾನದ ಪಾರಿಭಾಷಿಕ ಶಬ್ದಗಳು ಹುಡುಗರನ್ನು ಕೆಡಹುತ್ತವೆ ಎಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವವಾಗಿ ಹಾಗಲ್ಲ. 'ಆಸ್ಮಾಸಿಸ್' ಎಂಬ ಮಾತು ಬಂದಾಗ ಉಪಾಧ್ಯಾಯರು ನಿಂತು, ಚಿತ್ರ ಬರೆದು, ಅರ್ಥ ಹೇಳಿಯೇ ಮುಂದೆ ಹೋಗುತ್ತಾರೆ. ಹುಡುಗರನ್ನು ಕೆಡಹುವುದು ಯಾರೂ ನಿಂತು ಅರ್ಥ ಹೇಳದ ಮಾತುಗಳು: 'ವೇರ್‌ಆ್ಯಸ್', 'ರೆಸ್ಪೆಕ್ಟಿವ್ಲಿ', 'ಸಬ್ಸಿಕ್ವೆಂಟ್', 'ಡಿರೈವ್', 'ಅಸ್ಯೂಮ್'. ಇವು ವಿಜ್ಞಾನದವೂ ಅಲ್ಲ, ಮನೆಯ ಮಾತಿನವೂ ಅಲ್ಲ. ನಡುಮನೆಯ ಹೊಸಲಿನ ಮೇಲೆ ಕುಳಿತು ದಾರಿಯಡ್ಡಗಟ್ಟುವಂಥವು. ಪರೀಕ್ಷೆಯ ಪ್ರಶ್ನೆಯೊಂದು 'ಅಕೌಂಟ್ ಫಾರ್' ಎಂದು ಆರಂಭವಾಗುತ್ತದೆ. ಕಾರಣ ಹೇಳು ಎಂಬುದು ಅದರ ಅರ್ಥ. ವಿದ್ಯಾರ್ಥಿಗೆ ಕಾರಣ ಚೆನ್ನಾಗಿ ಗೊತ್ತಿದೆ, ಕನ್ನಡದಲ್ಲಿ ಕೇಳಿದರೆ ಒಂದೇ ಉಸಿರಿನಲ್ಲಿ ಹೇಳಬಲ್ಲ. ಆದರೆ ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಿಳಿಯದೆ, ಕಾರಣವನ್ನು ಬಿಟ್ಟು ವರ್ಣನೆಯನ್ನು ಒಂದು ಪುಟ ಬರೆಯುತ್ತಾನೆ. ಐದು ಅಂಕಗಳಿಗೆ ಸೊನ್ನೆ. ಇಂಥ ನಾಲ್ಕಾರು ಸೊನ್ನೆಗಳನ್ನು ಕಂಡಮೇಲೆ, ತನಗೆ ವಿಜ್ಞಾನ ಹತ್ತದೆಂದು ನಂಬಿ ಅದನ್ನೇ ಬಿಟ್ಟು ಹೋದವರನ್ನು ನಾವು ಬಲ್ಲೆವು. ಅವರಿಗೆ ಹತ್ತದಿದ್ದದ್ದು ವಿಜ್ಞಾನವಲ್ಲ, ಮುನ್ನೂರು ನಾನೂರು ಮಾತುಗಳು.

ಕೊರತೆ ತಿಳಿದವರು ಏನು ಮಾಡುತ್ತಾರೆ? ಬಸ್ಸು ನಿಲ್ದಾಣದ ಅಂಗಡಿಯಲ್ಲಿ ಕಠಿಣಪದಗಳ ಪುಸ್ತಕವೊಂದನ್ನು ಕೊಂಡುತಂದು ಉರು ಹೊಡೆಯುತ್ತಾರೆ. ಈ ಪುಸ್ತಕಗಳ ಮೇಲೆ ನಮಗೆ ಬಹಳ ದಿನದ ಸಿಟ್ಟು ಉಂಟು. ಅವುಗಳಲ್ಲಿ ಅಕಾರಾದಿಯಾಗಿ ನಿಂತ ಮಾತುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಹಬ್ಬದ ಜಾತ್ರೆಯಲ್ಲಿ ಸಾವಿರ ಮುಖಗಳನ್ನು ನೋಡಿದಂತೆ, ಮನೆಗೆ ಬಂದಮೇಲೆ ಒಂದೂ ನೆನಪಿಲ್ಲ. ನೆನಪುಳಿದರೆ ಇನ್ನೂ ಅಪಾಯ. ಸಾಧಾರಣವಾದ ಮಾತಿನ ಸ್ಥಾನದಲ್ಲೆಲ್ಲ ದೊಡ್ಡ ಮಾತನ್ನು ಕೂರಿಸಿದರೆ ಅದೇ ಉನ್ನತವಾದ ಇಂಗ್ಲಿಷು ಎಂಬ ಭ್ರಮೆ ಹತ್ತುತ್ತದೆ. 'ಬಿಗಿನ್' ಎನ್ನುವಲ್ಲೆಲ್ಲ 'ಕಮೆನ್ಸ್', 'ಆಸ್ಕ್' ಎನ್ನುವಲ್ಲೆಲ್ಲ 'ಇಂಟರಾಗೇಟ್'! ಸ್ನೇಹಿತನನ್ನು ಕುಶಲ ಕೇಳಿದ್ದನ್ನು 'ಇಂಟರಾಗೇಟ್' ಮಾಡಿದೆನೆಂದು ಬರೆದರೆ, ಓದುವವನ ಕಣ್ಣಿಗೆ ಪೊಲೀಸು ಠಾಣೆ ಕಾಣುತ್ತದೆ.

ಈ ತಪ್ಪನ್ನು ತಿಳಿಯಲು ಕನ್ನಡಿಗನಿಗೆ ಬೇರೆ ಗುರು ಬೇಡ; ಅವನ ಭಾಷೆಯೇ ಸಾಕು. ನಮ್ಮಲ್ಲಿ ನೀರು ಉಂಟು, ಜಲವೂ ಉಂಟು. ಮನೆ ಉಂಟು, ಗೃಹವೂ ಉಂಟು. ಅಚ್ಚಗನ್ನಡದ ಮಾತು ಒಂದು ಪದರ, ಸಂಸ್ಕೃತದಿಂದ ಬಂದ ಮಾತು ಮತ್ತೊಂದು ಪದರ. ಬಾಯಾರಿ ಬಂದವನು 'ಸ್ವಲ್ಪ ಜಲ ಕೊಡಿ' ಎಂದರೆ ಮನೆಯ ಮಕ್ಕಳು ನಗುತ್ತಾರೆ. ಆದರೆ ಸರ್ಕಾರದ ಫಲಕದ ಮೇಲೆ 'ಜಲಾಶಯ' ಎಂದಿದ್ದರೆ ಯಾರೂ ನಗುವುದಿಲ್ಲ. ಇಂಗ್ಲಿಷಿನಲ್ಲಿಯೂ ಇದೇ ವ್ಯವಸ್ಥೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಅರಮನೆ, ನ್ಯಾಯಸ್ಥಾನಗಳ ಮಾತು ಫ್ರೆಂಚಾಯಿತು, ಹೊಲಮನೆಗಳ ಮಾತು ಹಳೆಯ ಇಂಗ್ಲಿಷೇ ಆಗಿ ಉಳಿಯಿತು. ಮುಂದೆ ವಿದ್ವಾಂಸರು ಲ್ಯಾಟಿನ್ನಿನಿಂದಲೂ ಗ್ರೀಕಿನಿಂದಲೂ ಮಾತುಗಳನ್ನು ಹೇರಳವಾಗಿ ತಂದರು. 'ಬಿಗಿನ್' ನೀರಿನ ಜಾತಿ, 'ಕಮೆನ್ಸ್' ಜಲದ ಜಾತಿ. ಎಲ್ಲಿ ನೀರು, ಎಲ್ಲಿ ಜಲ ಎಂಬ ಕಿವಿ ನಮಗೆ ಹುಟ್ಟಿನಿಂದ ಬಂದದ್ದು. ಇಂಗ್ಲಿಷಿನ ಕಡೆಗೆ ಅದನ್ನು ತಿರುಗಿಸುವುದನ್ನು ಮಾತ್ರ ಕಲಿಯಬೇಕಾಗಿದೆ. ಎರಡು ಪದರಗಳನ್ನು ಕೂಡಿಸಿ ಸಮಾಸ ಮಾಡಿದರೆ ಅದು ಅರಿಸಮಾಸವೆಂದು ಕೇಶಿರಾಜನ ಕಾಲದಿಂದ ನಮ್ಮ ವೈಯಾಕರಣರು ಹುಬ್ಬುಗಂಟಿಕ್ಕಿದ್ದಾರಷ್ಟೆ. 'ಟೆಲಿವಿಷನ್' ಎಂಬ ಮಾತು ಹುಟ್ಟಿದಾಗ ಇಂಗ್ಲಿಷಿನ ಮಡಿವಂತರೂ ಹಾಗೆಯೇ ಗೊಣಗಿದರು, ಅರ್ಧ ಗ್ರೀಕು, ಅರ್ಧ ಲ್ಯಾಟಿನ್ ಎಂದು. ಅಲ್ಲಿಯೂ ಇಲ್ಲಿಯೂ ಜನ ಗೊಣಗಾಟವನ್ನು ಕೇಳಿಸಿಕೊಳ್ಳಲಿಲ್ಲ.

ಎಷ್ಟು ಮಾತು ಬೇಕು ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಇದನ್ನು ಎಣಿಸಿ ನೋಡಿದವರು ಇದ್ದಾರೆ. ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣಶಾಲೆಯಲ್ಲಿದ್ದ ಮೈಕೇಲ್ ವೆಸ್ಟ್ ಎಂಬವರು, ಬಂಗಾಳದ ಹುಡುಗರು ಇಂಗ್ಲಿಷಿನೊಡನೆ ಪಡುವ ಪಾಡನ್ನು ಹತ್ತಿರದಿಂದ ಕಂಡವರು. ಅವರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 2000 ಮೂಲಪದಗಳಿವೆ. ಸಾಮಾನ್ಯವಾದ ಬರಹದಲ್ಲಿ ಐದರಲ್ಲಿ ನಾಲ್ಕು ಪಾಲು ಈ ಮಾತುಗಳೇ. ಒಳ್ಳೆಯ ಪ್ರೌಢಶಾಲೆಯಿಂದ ಬಂದ ವಿದ್ಯಾರ್ಥಿಯಲ್ಲಿ ಇವು ಇರುತ್ತವೆ. ಇದು ಸಾಲದೆ ಎಂದರೆ, ಸಾಲದು. ಐದು ಮಾತಿಗೊಂದು ಕಲ್ಲು ಎಡವಿದರೆ ನಡೆಯುವುದು ಹೇಗೆ? ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಎಂಬಾಕೆ 2000ದಲ್ಲಿ ಕಾಲೇಜಿನ ಪಠ್ಯಗಳನ್ನೆಲ್ಲ ಸೋಸಿ 570 ಪದಕುಟುಂಬಗಳ ಮತ್ತೊಂದು ಪಟ್ಟಿ ಮಾಡಿದರು. ವಿದ್ವತ್ಪೂರ್ಣವಾದ ಬರಹದಲ್ಲಿ ನೂರಕ್ಕೆ ಸುಮಾರು ಹತ್ತು ಮಾತು ಇವು. ನಾವು ಮೊದಲು ಹೇಳಿದ, ಹೊಸಲಿನ ಮೇಲೆ ಕುಳಿತ ಮಾತುಗಳು ಬಹುಮಟ್ಟಿಗೆ ಇವೇ. ಕಾದಂಬರಿಯನ್ನೋ ಪತ್ರಿಕೆಯನ್ನೋ ನಿಘಂಟಿನ ಹಂಗಿಲ್ಲದೆ ಓದಬೇಕಾದರೆ ಐವತ್ತು ಮಾತಿಗೆ ಒಂದಕ್ಕಿಂತ ಹೆಚ್ಚು ಹೊಸದು ಇರಬಾರದು. ಅದಕ್ಕೆ ಎಂಟೊಂಬತ್ತು ಸಾವಿರ ಪದಕುಟುಂಬಗಳು ಬೇಕೆಂದು ಪಾಲ್ ನೇಷನ್ ಅವರು 2006ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಎರಡು ಸಾವಿರದಿಂದ ಎಂಟು ಸಾವಿರಕ್ಕೆ ದೂರ ಆರು ಸಾವಿರ. ದಿನಕ್ಕೆ ಐದರಂತೆ, ವರ್ಷಕ್ಕೆ ಮುನ್ನೂರು ದಿನ ದುಡಿದರೆ ನಾಲ್ಕು ವರ್ಷ. ಹೆದರಬೇಕಾದ ಲೆಕ್ಕವಲ್ಲ. ಆದರೆ ಆರು ಸಾವಿರವನ್ನು ಬಿಡಿಬಿಡಿಯಾಗಿ ಹೊರುವುದು ಯಾರಿಗೂ ಸಾಧ್ಯವಿಲ್ಲ, ಕಟ್ಟು ಕಟ್ಟಬೇಕು. ಕಟ್ಟುವ ಹಗ್ಗ ಈ ವಿದ್ಯಾರ್ಥಿಗಳ ಕೈಯಲ್ಲಿ ಆಗಲೇ ಇದೆ.

ಬೆಂಗಳೂರಿನಿಂದ ಹೊರಟ ರೈಲು ಕಡೂರನ್ನು ದಾಟಿದ ಕೂಡಲೇ ಬೀರೂರನ್ನು ಸೇರುತ್ತದೆ. ಅಲ್ಲಿ ದಾರಿ ಕವಲಾಗಿ, ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೂ ಹೋಗುತ್ತದೆ. ಆದ್ದರಿಂದ 'ಬೀರೂರು ಜಂಕ್ಷನ್' ಎಂಬುದು ಆ ಸೀಮೆಯಲ್ಲಿ ಅಕ್ಷರ ಬಾರದವರಿಗೂ ಗೊತ್ತಿರುವ ಇಂಗ್ಲಿಷು. ಈ 'ಜಂಕ್ಷನ್' ಲ್ಯಾಟಿನ್ನಿನ ಕೂಡಿಸು ಎಂಬರ್ಥದ ಧಾತುವಿನಿಂದ ಬಂದದ್ದು. ಆ ಧಾತು ಸಂಸ್ಕೃತದ 'ಯುಜ್' ಧಾತುವಿನ ಒಡಹುಟ್ಟು. 'ಯುಜ್' ನಮಗೆ ಹೊಸದೇ? ಯೋಗ, ಸಂಯೋಗ, ವಿಯೋಗ, ಉಪಯೋಗ, ಪ್ರಯೋಗ, ನಿಯೋಗ, ಉದ್ಯೋಗ—ಒಂದೇ ಧಾತು, ಹಿಂದೆ ಒಂದೊಂದು ಉಪಸರ್ಗ. ಇಂಗ್ಲಿಷಿನಲ್ಲಿ ನೋಡಿ: 'ಕನ್‌ಜಂಕ್ಷನ್' ಎಂದರೆ ಸಂಯೋಗ, 'ಡಿಸ್‌ಜಂಕ್ಷನ್' ಎಂದರೆ ವಿಯೋಗ. 'ಇಂಜಂಕ್ಷನ್' ಎಂದರೆ ಆಜ್ಞೆ. ಸಂಸ್ಕೃತದಲ್ಲಿ 'ನಿಯೋಗ'ಕ್ಕೂ ಆಜ್ಞೆಯೆಂಬ ಅರ್ಥ ಉಂಟು. 'ಯೋಕ್' ಎಂದರೆ ನೊಗ. ಇದೂ ಅದೇ ಮನೆತನ. ನೊಗದ ಕೆಳಗೆ ತಲೆ ಕೊಡಿಸುವುದು 'ಸಬ್ಜುಗೇಟ್'. ಗಂಡಹೆಂಡಿರ ಸಂಬಂಧಕ್ಕೆ 'ಕಾಂಜುಗಲ್' ಎಂಬ ವಿಶೇಷಣ ಏಕೆ ಬಂತೆಂಬುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಂಕ್ಷನ್ನಿನಲ್ಲಿ ಇಳಿದವರು 'ಸ್ಟೇಷನ್'ನಲ್ಲಿ ನಿಲ್ಲಬೇಕು. 'ಸ್ಟೇಷನ್' ಎಂಬುದರ ಧಾತುವಿಗೂ ಸಂಸ್ಕೃತದ 'ಸ್ಥಾ' ಧಾತುವಿಗೂ ಅದೇ ನಂಟು: ಸ್ಥಾನ, ಸ್ಥಿತಿ, ಸಂಸ್ಥೆ, ಅವಸ್ಥೆ, ವ್ಯವಸ್ಥೆ, ಪ್ರತಿಷ್ಠೆ; 'ಸ್ಟೇಟ್', 'ಸ್ಟೇಟಸ್', 'ಕಾನ್ಸ್ಟಂಟ್', 'ಸಬ್ಸ್ಟನ್ಸ್', 'ಇನ್ಸ್ಟಿಟ್ಯೂಟ್', 'ಅಬ್ಸ್ಟಕಲ್'. 'ಸರ್ಕಮ್‌ಸ್ಟನ್ಸ್' ಎಂಬ ಉದ್ದದ ಮಾತನ್ನು ಹುಡುಗರು ಭಯಭಕ್ತಿಯಿಂದ ನೋಡುತ್ತಾರೆ. 'ಸರ್ಕಮ್' ಎಂದರೆ ಸುತ್ತ, ನಮ್ಮ 'ಪರಿ', 'ಸ್ಟನ್ಸ್' ಎಂದರೆ ಸ್ಥಿತಿ, ಕೂಡಿದರೆ ಪರಿಸ್ಥಿತಿ. ಇದನ್ನು ನಾವು ಒಮ್ಮೆ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ, ತರೀಕೆರೆಯ ಕಡೆಯ ಹುಡುಗಿಯೊಬ್ಬಳು, ಆ ಅವಧಿಯೆಲ್ಲ ಬಾಯಿ ತೆರೆಯದಿದ್ದವಳು, ಎದ್ದುನಿಂತು, ಹಾಗಾದರೆ ಗಣಿತದ 'ಸರ್ಕಂಫರೆನ್ಸ್' ನಮ್ಮ ಪರಿಧಿಯಲ್ಲವೆ ಎಂದು ಕೇಳಿದಳು. ಹೌದೆಂದೆವು. ಪಕ್ಕದಲ್ಲಿ 'ಸರ್ಕಮ್‌ಸ್ಪೆಕ್ಟ್' ಎಂದು ಬರೆದು, 'ಸ್ಪೆಕ್ಟ್' ಎಂದರೆ ನೋಡುವುದೆಂದು ಮಾತ್ರ ತಿಳಿಸಿದೆವು. ಆಕೆ ಕ್ಷಣಕಾಲ ಯೋಚಿಸಿ, 'ಸುತ್ತ ನೋಡಿಕೊಂಡು ಕಾಲಿಡುವವರು' ಎಂದಳು. ಯಾವ ನಿಘಂಟೂ ಇದಕ್ಕಿಂತ ಚೆನ್ನಾಗಿ ಹೇಳದು. ಅಂದಿನಿಂದ ಆಕೆ ಮುಂದಿನ ಸಾಲಿಗೆ ಬಂದು ಕುಳಿತುಕೊಳ್ಳತೊಡಗಿದಳು. ಆಕೆಗೆ ದೊರೆತದ್ದು ಎರಡು ಮಾತಲ್ಲ. ಈ ಭಾಷೆ ತನ್ನ ಬುದ್ಧಿಗೆ ಎಟುಕುವಂಥದು ಎಂಬ ಧೈರ್ಯ.

ಉಪಸರ್ಗಗಳ ವಿಷಯದಲ್ಲಿ ಈ ನಂಟು ಇನ್ನೂ ಸ್ಫುಟ. ನಮ್ಮ 'ಪ್ರ' ಅವರ 'ಪ್ರೋ'. ನಮ್ಮ 'ಅಂತರ್' ಅವರ 'ಇಂಟರ್'. ನಮ್ಮ 'ಪರಿ' ಗ್ರೀಕಿನ 'ಪೆರಿ'. 'ಉಪರಿ' ಎಂಬುದು 'ಸೂಪರ್', 'ಹೈಪರ್'ಗಳ ಬಂಧು. 'ಉಪ' ಎಂಬುದು 'ಸಬ್', 'ಹೈಪೋ'ಗಳ ಬಂಧು. ಆದ್ದರಿಂದ ಉಪನಗರ 'ಸಬರ್ಬ್' ಆಯಿತು. ಇಂಥ ಕನ್ನಡ ಮಾತುಗಳಲ್ಲಿ ಕೆಲವನ್ನು ಇಂಗ್ಲಿಷನ್ನು ಎದುರಿಗಿಟ್ಟುಕೊಂಡೇ ಈಚಿನವರು ಟಂಕಿಸಿದರೆಂಬುದೂ ನಿಜ. ಇರಲಿ, ಕಲಿಯುವವನಿಗೆ ಸೇತುವೆ ಯಾವ ದಡದಿಂದ ಕಟ್ಟಿದ್ದು ಎಂಬುದಕ್ಕಿಂತ ದಾಟಿಸುತ್ತದೆಯೆ ಎಂಬುದು ಮುಖ್ಯ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಸಂಸ್ಕೃತ, ಗ್ರೀಕು, ಲ್ಯಾಟಿನ್ನುಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು ಕಲ್ಕತ್ತೆಯಲ್ಲಿ 1786ರಲ್ಲಿ ಸಾರಿದರು. ಕನ್ನಡ ಆ ಮನೆತನದ್ದಲ್ಲ. ತಮಿಳು, ತೆಲುಗು, ಕನ್ನಡಗಳು ಬೇರೆಯೇ ಒಂದು ಕುಟುಂಬವೆಂಬುದನ್ನು ಎಲ್ಲಿಸ್ 1816ರಲ್ಲಿಯೂ, ವಿಸ್ತಾರವಾಗಿ ಕಾಲ್ಡ್‌ವೆಲ್ 1856ರಲ್ಲಿಯೂ ತೋರಿಸಿಕೊಟ್ಟರು. ನಾವು ಹೇಳುತ್ತಿರುವ ನಂಟು ಕನ್ನಡದೊಳಗೆ ಬಂದು ನೆಲೆಸಿದ ಸಂಸ್ಕೃತ ಶಬ್ದಗಳ ಮೂಲಕ ಬಂದದ್ದು. 'ಮನೆ'ಗೂ 'ಮ್ಯಾನ್‌ಷನ್'ಗೂ ಸಂಬಂಧ ಕಲ್ಪಿಸಹೊರಟರೆ ಪೇಚು. ಅದು ಉಳಿ, ತಂಗು ಎಂಬರ್ಥದ ಲ್ಯಾಟಿನ್ ಧಾತುವಿನದು, ನಮ್ಮ ಮನೆಗೆ ಅದರ ಗುರುತಿಲ್ಲ. ಎರಡನೆಯದಾಗಿ, ಧಾತು ಅರ್ಥದ ದಿಕ್ಕನ್ನು ತೋರಿಸೀತೇ ಹೊರತು ಊರನ್ನು ಮುಟ್ಟಿಸದು. 'ಪ್ರ' ಮತ್ತು 'ಯೋಗ' ಎರಡನ್ನೂ ಬಲ್ಲವನು, ಪ್ರಯೋಗಶಾಲೆಯಲ್ಲಿ ಏನು ನಡೆಯುತ್ತದೆಂದು ಅಷ್ಟರಿಂದಲೇ ಊಹಿಸಬಲ್ಲನೆ? ಮೊದಲು ವಾಕ್ಯದಿಂದ ಊಹೆ, ಆಮೇಲೆ ಧಾತುವಿನಿಂದ ಊಹೆ, ಕಡೆಗೆ ನಿಘಂಟಿನ ತೀರ್ಪು—ಇದು ಕ್ರಮ.

ಅಜ್ಜಂಪುರಕ್ಕೆ ಹೋಗೋಣ. ಅಲ್ಲಿ ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರ ಇರುವುದು ಶ್ರೋತೃಗಳಿಗೆ ತಿಳಿದಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ಬೂದುಬಣ್ಣದ, ಉದ್ದಕೊಂಬಿನ ಆ ಎತ್ತುಗಳು ಮೈಸೂರಿನ ಫಿರಂಗಿಗಳನ್ನೆಳೆದವು. ದನವೇ ಧನವಾಗಿದ್ದ ಕಾಲದ ಗುರುತು ಇಂಗ್ಲಿಷಿನ ಹಣಕಾಸಿನ ಮಾತುಗಳಲ್ಲೆಲ್ಲ ಅಂಟಿಕೊಂಡಿದೆ. ಲ್ಯಾಟಿನ್ನಿನಲ್ಲಿ 'ಪೆಕುಸ್' ಎಂದರೆ ದನ. ನಮ್ಮ 'ಪಶು'ವಿನ ಸೋದರ ಶಬ್ದ. ಅದರಿಂದ ಹಣಕ್ಕೆ ಸಂಬಂಧಿಸಿದ್ದು 'ಪೆಕ್ಯೂನಿಯರಿ', ಕೈಯಲ್ಲಿ ಕಾಸಿಲ್ಲದವನು 'ಇಂಪೆಕ್ಯೂನಿಯಸ್'. ಒಬ್ಬನ ಸ್ವಂತ ಸೊತ್ತು ಎಂಬರ್ಥದಿಂದ ಹೊರಟು, ಅವನೊಬ್ಬನಿಗೇ ವಿಶಿಷ್ಟವಾದದ್ದು ಎಂಬಲ್ಲಿಗೆ ಮುಟ್ಟಿದ್ದು 'ಪಿಕ್ಯೂಲಿಯರ್'. 'ಕ್ಯಾಟಲ್', 'ಚ್ಯಾಟಲ್', 'ಕ್ಯಾಪಿಟಲ್' ಮೂರೂ ಲ್ಯಾಟಿನ್ನಿನ ಒಂದೇ ಮಾತಿನಿಂದ ಒಡೆದ ಕವಲುಗಳು. ಕಾಲೇಜಿನ 'ಫೀ' ಕೂಡ ದನವೆಂಬರ್ಥದ ಹಳೆಯ ಜರ್ಮಾನಿಕ್ ಮಾತಿನಿಂದ ಬಂದದ್ದೆಂದು ಕೋಶಕಾರರ ಅಭಿಪ್ರಾಯ. ನಮ್ಮಲ್ಲಿಯೂ 'ದನ'ವನ್ನು 'ಧನ'ದ ತದ್ಭವವೆಂದು ಹೇಳುವುದುಂಟಷ್ಟೆ. ದನ ಕಾಯ್ದು ಬಂದ ಹುಡುಗನಿಗೆ ಇದನ್ನು ಒಮ್ಮೆ ಹೇಳಿ. 'ಇಂಪೆಕ್ಯೂನಿಯಸ್' ಎಂಬ ಮಾತನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ. ಕೊಟ್ಟಿಗೆಯನ್ನೇ ಕಾಣದ ಪಟ್ಟಣದ ಹುಡುಗನು ಅದೇ ಮಾತನ್ನು ಹತ್ತು ಸಲ ಬರೆದು ಕಲಿಯಬೇಕು.

ಹಳ್ಳಿಯ ವಿದ್ಯಾರ್ಥಿ ತನ್ನೊಡನೆ ತರುವುದೇನೆಂದು ಮೊದಲು ಕೇಳಿಕೊಂಡೆವಲ್ಲ, ಉತ್ತರ ಇಲ್ಲಿದೆ. ಅವನು ವಸ್ತುಗಳನ್ನು ತರುತ್ತಾನೆ. ಕಡೂರು ತಾಲ್ಲೂಕಿನಲ್ಲಿ, ಸಖರಾಯಪಟ್ಟಣದ ಹತ್ತಿರ, ಬೆಟ್ಟಗಳ ಅಡಿಯಲ್ಲಿ ಅಯ್ಯನಕೆರೆ ಇದೆ. ಅದೇ ತಾಲ್ಲೂಕಿನಲ್ಲಿ ಮದಗದ ಕೆರೆಯೂ ಇದೆ. ತರೀಕೆರೆಯಂತೂ ಕೆರೆಯನ್ನು ಹೆಸರಿನಲ್ಲಿಯೇ ಹೊತ್ತಿದೆ. ಕೆರೆಯ ಊರಿನ ಮಗುವಿಗೆ ಏರಿ ಗೊತ್ತು, ತೂಬು ಗೊತ್ತು, ಕೋಡಿ ಗೊತ್ತು, ಹೂಳು ಗೊತ್ತು, ಅಚ್ಚುಕಟ್ಟು ಗೊತ್ತು. 'ಎಂಬ್ಯಾಂಕ್‌ಮೆಂಟ್', 'ಸ್ಲೂಸ್', 'ವಿಯರ್', 'ಸಿಲ್ಟ್' ಎಂಬ ಹೆಸರುಗಳನ್ನು ಈ ವಸ್ತುಗಳಿಗೆ ಅಂಟಿಸುವುದು ಒಂದು ಸಂಜೆಯ ಕೆಲಸ. ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿದ ನಗರದ ಮಗುವಿಗೆ 'ಸ್ಲೂಸ್' ಎಂಬ ಮಾತೂ ಇಲ್ಲ, ತೂಬು ಎಂಬ ಮಾತೂ ಇಲ್ಲ, ವಸ್ತುವನ್ನು ಕಂಡದ್ದೂ ಇಲ್ಲ. ಎರಡು ಭಾಷೆಗಳಲ್ಲಿಯೂ ಅದು ಬಡವ. ಕನ್ನಡವನ್ನು ತೆತ್ತು ಇಂಗ್ಲಿಷನ್ನು ಕೊಳ್ಳಬೇಕು ಎಂದು ತಿಳಿದ ತಾಯಿತಂದೆಗಳು ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕೆಂದು ನಮ್ಮ ಬಿನ್ನಹ.

ಆದ್ದರಿಂದಲೇ, ಮೊದಲು ಏನನ್ನು ಓದಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾವು ಲಂಡನ್ನಿನ ಮಂಜಿನ ವರ್ಣನೆಯನ್ನು ಕೊಡುವುದಿಲ್ಲ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ 1897ರ ಪರಿಷ್ಕೃತ ಮುದ್ರಣದ ಎರಡನೆಯ ಸಂಪುಟದಲ್ಲಿ, ಆಗ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಭಾಗವಿದೆ. ಅದನ್ನು ಓದಿ ಎನ್ನುತ್ತೇವೆ. ನಿಮ್ಮ ಊರು, ನಿಮ್ಮ ಹೊಳೆ, ನಿಮ್ಮ ಬೆಟ್ಟ, ನಿಮ್ಮ ಬೆಳೆ. ವಿಷಯ ತಿಳಿದಿರುವುದರಿಂದ ಹೊಸ ಮಾತಿನ ಅರ್ಥ ತಾನಾಗಿ ಹೊಳೆಯುತ್ತದೆ. ಬಯಲುಸೀಮೆಯ ಏರಿಳಿವ ನೆಲವನ್ನು ಕಂಡವನಿಗೆ 'ಅಂಡ್ಯುಲೇಟಿಂಗ್' ಎಂಬ ಮಾತಿಗೆ ನಿಘಂಟು ಬೇಡ. ಶೈಲಿ ಹಳೆಯದು, ವಾಕ್ಯಗಳು ಉದ್ದ ಎಂಬುದನ್ನು ಒಪ್ಪುತ್ತೇವೆ. ಅದನ್ನು ಮುಗಿಸಿದವರಿಗೆ ಇಂದಿನ ಪತ್ರಿಕೆಯ ಸಂಪಾದಕೀಯ ನೀರು ಕುಡಿದಷ್ಟು ಸುಲಭ.

ಗೆಜೆಟಿಯರಿನಲ್ಲಿ ಕೆರೆಗೆ 'ಟ್ಯಾಂಕ್' ಎಂದೇ ಇರುತ್ತದೆ. ಇಂಗ್ಲೆಂಡಿನ ಓದುಗನಿಗೆ 'ಟ್ಯಾಂಕ್' ಎಂದರೆ ತಗಡಿನ ತೊಟ್ಟಿ. ಗುಡ್ಡದ ಬುಡದಲ್ಲಿ ದೋಣಿ ನಡೆಯುವ ತೊಟ್ಟಿ ಎಂಥದೆಂದು ಅವನು ಬೆರಗಾಗಬೇಕು. 1916ರಲ್ಲಿ ಸೋಮ್ ಯುದ್ಧಕ್ಕೆ ಹೊಸ ಕಬ್ಬಿಣದ ಬಂಡಿಗಳನ್ನು ಕಳುಹಿದಾಗ, ಗುಟ್ಟು ಬಯಲಾಗದಿರಲೆಂದು ಅವನ್ನೂ 'ಟ್ಯಾಂಕು'ಗಳೆಂದೇ ಕರೆದರು. ಒಂದು ಮಾತಿಗೆ ಮೂರು ವಸ್ತು. ಇಂಗ್ಲಿಷು ನಮ್ಮ ಕಡೆಯಿಂದ ಪಡೆದ ಮಾತುಗಳೂ ಕಡಿಮೆಯಲ್ಲ: ತರೀಕೆರೆಯ ತೋಟಗಳ ಅಡಿಕೆ ಮಲೆಯಾಳದ ತನ್ನ ಸೋದರ ಶಬ್ದದ ಮೂಲಕ, ಪೋರ್ಚುಗೀಸರ ಬಾಯಿ ಹೊಕ್ಕು 'ಅರಿಕಾ' ಆಯಿತು, ತೇಗದ ಮಲೆಯಾಳೀ ಸೋದರ 'ಟೀಕ್' ಆಯಿತು. ಇಂಥವನ್ನು ಕೂಡಿಹಾಕಿ ಯೂಲ್ ಮತ್ತು ಬರ್ನೆಲ್ ಎಂಬವರು ರಚಿಸಿದ 'ಹಾಬ್ಸನ್-ಜಾಬ್ಸನ್' ಎಂಬ ಕೋಶ 1886ರಲ್ಲಿ ಹೊರಬಂದಿತು. ಅದು ರಜದ ದಿನಗಳಲ್ಲಿ ಓದತಕ್ಕ ಪುಸ್ತಕ. ಅದರಿಂದ ಪರೀಕ್ಷೆಗೆ ಪ್ರಯೋಜನವಿಲ್ಲ, ಸಂತೋಷ ಬಹಳ.

ಮಾತುಗಳ ಸಹವಾಸದ ವಿಷಯ ಉಳಿಯಿತು. ನಾವು ದೀಪವನ್ನೂ ಹಚ್ಚುತ್ತೇವೆ, ಎಣ್ಣೆಯನ್ನೂ ಹಚ್ಚುತ್ತೇವೆ. ಪರದೇಶದವನು ಇದನ್ನು ನಿಘಂಟಿನಿಂದ ಹೇಗೆ ತಿಳಿದಾನು? ಹಾಗೆಯೇ ಇಂಗ್ಲಿಷಿನಲ್ಲಿ ಕಾಫಿ 'ಸ್ಟ್ರಾಂಗ್' ಆಗಿರಬಹುದು, ಮಳೆ ಆಗಬಾರದು. ಮಲೆನಾಡಿನ ಆಷಾಢದ ಜೋರುಮಳೆಯೂ 'ಹೆವಿ' ಎಂದೇ ಅನ್ನಿಸಿಕೊಳ್ಳಬೇಕು. ಅಪರಾಧವನ್ನು 'ಕಮಿಟ್' ಮಾಡುತ್ತಾರೆ, ಉಪಕಾರವನ್ನು ಯಾರೂ 'ಕಮಿಟ್' ಮಾಡುವುದಿಲ್ಲ. ಇದಕ್ಕೆ ಧಾತುವಿನಿಂದಲೂ ಸಹಾಯವಿಲ್ಲ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಎಂಬವರು ಇಬ್ಬರು ಸಹಕಾರಿಗಳೊಡನೆ, ಮಾತಿನ ಅರ್ಥವನ್ನಷ್ಟೇ ಅಲ್ಲದೆ ಅದು ವಾಕ್ಯದಲ್ಲಿ ಯಾರ ಪಕ್ಕದಲ್ಲಿ ಹೇಗೆ ಕೂರುತ್ತದೆ ಎಂಬುದನ್ನೂ ತೋರಿಸುವ ಕೋಶವನ್ನು ಮಾಡಿ 1942ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿದರು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಕೈಗೆತ್ತಿಕೊಂಡರು. ಪರಭಾಷೆಯವರಿಗಾಗಿಯೇ ಬರೆದ ಕೋಶ. ಇಂಗ್ಲಿಷ್-ಕನ್ನಡ ನಿಘಂಟಿನ ಜೊತೆಗೆ ಇದೂ ಮೇಜಿನ ಮೇಲಿರಲಿ. ಈಗ ಎಲ್ಲ ನಿಘಂಟುಗಳೂ ಕಿಸೆಯ ಫೋನಿನೊಳಗೆ ಸೇರಿಕೊಂಡಿವೆ, ಸಂತೋಷ. ಆದರೆ ಬೆರಳು ಸೋಕಿದೊಡನೆ ಬಂದ ಅರ್ಥ ಬೆರಳು ತೆಗೆದೊಡನೆ ಹೋಗುವುದನ್ನು ನಾವು ದಿನವೂ ನೋಡುತ್ತಿದ್ದೇವೆ. ಒಂದು ನಿಮಿಷ ಊಹೆ ಮಾಡಿ ತಪ್ಪಿದ ಮೇಲೆ ನೋಡಿದ ಅರ್ಥ ನಿಲ್ಲುತ್ತದೆ.

ನಿಲ್ಲಿಸುವುದಕ್ಕೆ ನೋಟುಪುಸ್ತಕ ಬೇಕು. ಒಂದು ಮಾತು, ಎದುರಿಗೆ ಒಂದು ಅರ್ಥ ಎಂಬ ರೀತಿಯದಲ್ಲ. ಮಾತು ಸಿಕ್ಕಿದ ವಾಕ್ಯವನ್ನು ಇಡಿಯಾಗಿ ಎಡಪುಟದಲ್ಲಿ ಬರೆಯತಕ್ಕದ್ದು. ಅದರ ಬಂಧುಗಳನ್ನು ಕೆಳಗೆ. ಬಲಪುಟದಲ್ಲಿ ಕನ್ನಡ, ಸಾಧ್ಯವಾದರೆ ಸ್ವಂತ ಊರಿನ ಕನ್ನಡ. ಮರುದಿನ ಬಲಪುಟವನ್ನು ಮಾತ್ರ ನೋಡಿ ಎಡಪುಟವನ್ನು ಹೇಳಲು ಯತ್ನಿಸಬೇಕು. ಮತ್ತೆ ಮೂರು ದಿನಕ್ಕೆ, ಮತ್ತೆ ವಾರಕ್ಕೆ, ಮತ್ತೆ ತಿಂಗಳಿಗೆ. ವಾರಕ್ಕೊಮ್ಮೆ ಆ ಮಾತುಗಳಲ್ಲಿ ನಾಲ್ಕೈದನ್ನಾದರೂ ಪತ್ರದಲ್ಲಿಯೋ ಮಾತಿನಲ್ಲಿಯೋ ಬಳಸಬೇಕು. ಓದಿದಾಗ ತಿಳಿಯುವ ಮಾತು ಬೇರೆ, ಬಾಯಿಗೆ ಬರುವ ಮಾತು ಬೇರೆ. ಮೊದಲನೆಯದು ಯಾವಾಗಲೂ ಎರಡನೆಯದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಅದಕ್ಕಾಗಿ ಯಾರೂ ಅಳಬೇಕಾಗಿಲ್ಲ.

ಬಲಪುಟದಲ್ಲಿ ಏನೂ ಬರೆಯಲಾಗದ ಪ್ರಸಂಗಗಳು ಬರುತ್ತವೆ; ಬಿಟ್ಟುಬಿಡಬೇಕು. ಎಡಪುಟದಲ್ಲಿಯೂ ಬರುತ್ತವೆ. ಅಜ್ಜಂಪುರದ ಸುತ್ತಣ ಅಮೃತಮಹಲ್ ಕಾವಲುಗಳಿಗೆ ಇಂಗ್ಲಿಷಿನಲ್ಲಿ ಏನನ್ನೋಣ? 'ಪ್ಯಾಸ್ಚರ್' ಎಂದರೆ ಕಾಯ್ದಿಟ್ಟದ್ದೆಂಬ ಅರ್ಥ ಹೋಯಿತು. 'ರಿಸರ್ವ್' ಎಂದರೆ ಹುಲ್ಲು ಹೋಯಿತು. ಮೈಸೂರು ಸರ್ಕಾರದ ಇಂಗ್ಲಿಷ್ ಕಾಗದಪತ್ರಗಳು ಈ ಗೊಡವೆಗೆ ಹೋಗದೆ 'ಕಾವಲ್' ಎಂದೇ ಬರೆದುವು. ಹೋದ ವರ್ಷ ಕಡೂರಿನ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ನೋಟುಪುಸ್ತಕದ ಬಲಪುಟದಲ್ಲಿ 'ಕೆರೆ ಕೋಡಿ ಬಿದ್ದಿದೆ' ಎಂದು ಮೊದಲೇ ಬರೆದುಕೊಂಡು ಬಂದು, ಎಡಪುಟಕ್ಕೆ ಇಂಗ್ಲಿಷು ಕೊಡಿ ಎಂದು ಕೇಳಿದನು. 'ಓವರ್‌ಫ್ಲೋ' ಎಂದೆವು, ಅದು ತೊಟ್ಟಿಗೂ ಆಗುತ್ತದೆ, ಚರಂಡಿಗೂ ಆಗುತ್ತದೆ ಎಂದು ಅವನು ಒಪ್ಪಲಿಲ್ಲ. ನಮ್ಮ ನೀರಾವರಿ ಇಲಾಖೆಯ ಇಂಜಿನಿಯರುಗಳು 'ಸರ್ಪ್ಲಸಿಂಗ್' ಎಂದು ಬರೆಯುತ್ತಾರೆ ಎಂದೆವು. ಅದನ್ನು ಬರೆದುಕೊಂಡನು. ಮಾತು ಸರಿಯಾಗಿದೆ, ಆದರೆ ಊರಿನವರು ಬಾ‌ಗಿನ ಬಿಡಲು ಏರಿಯ ಮೇಲೆ ಹೋಗುವುದು ಅದರಲ್ಲಿ ಇಲ್ಲವಲ್ಲ ಎಂದು ಕೇಳಿ, ಪಕ್ಕದಲ್ಲಿ ಅರ್ಧ ಸಾಲು ಖಾಲಿ ಬಿಟ್ಟುಕೊಂಡು ಹೋದನು.